ಚಿಕ್ಕಮ್ಮ ಬಿಲ್ಡ್ ಬದಲಾಯಿಸಿದ್ದು

ನಮ್ಮ ಚಿಕ್ಕಮ್ಮನಿಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಕಿತ್ತುಬಂದ ಗುಂಡಿ ಹೊಲಿಯಲು ಇವತ್ತಿಗೂ ಚಿಕ್ಕಪ್ಪನೇ ಬೇಕು. ಆದರೂ ಆರ್.ಟಿ. ನಗರದಿಂದ ಯಶವಂತಪುರದವರೆಗೆ ಅವಳು ಎಳೆದ ಗೆರೆಯ ಮೇಲೆ ಕತ್ತರಿಸಿದ ಬ್ಲೌಸು ತೊಡದ ಹೆಂಗಸರನ್ನು ಹುಡುಕುವುದು ಕಷ್ಟ! ಇದು ಹೇಗೆ ಸಾಧ್ಯ ಎಂದು ಕೇಳುತ್ತೀರಾ? ಕೇಳಿ, ಕೇಳಿ. ಗಂಡನ ಮನೆಯವರಿಗೆ, ಅವರ ನೆಂಟರಿಗೆ, ನೆಂಟರ ಅಕ್ಕಪಕ್ಕದವರಿಗೆಲ್ಲ ವಿವರಿಸಿ ನನ್ನ ಗಂಟಲು ಪಳಗಿದೆ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಜಾಲಹಳ್ಳಿ ಕಡೆಯ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದವಳು. ಸ್ವಯಂ ನಿವೃತ್ತಿ ತೆಗೆದುಕೊಂಡು ಹಾರ ಹಾಕಿಸಿಕೊಂಡು ಬಂದ ಮರುದಿನ, ಬೇರೆಯವರಾಗಿದ್ದರೆ ಕಾಶಿಗೋ ತಿರುಪತಿಗೋ ಹೊರಡುತ್ತಿದ್ದರು. ಇವಳು ಮತ್ತಿಕೆರೆಯಲ್ಲಿ ತನ್ನ ಮನೆ ಹತ್ತಿರದ ದರ್ಜಿಯ ಜೊತೆ ಜಗಳಕ್ಕೆ ಹೊರಟಳು. ಅವನು ಹೊಸ ಬ್ಲೌಸಿನ ತೋಳನ್ನು ಬಿಗಿ ಮಾಡಿಬಿಟ್ಟಿದ್ದ.

"ಅಳತೆ ಬ್ಲೌಸು ಕೊಟ್ಟಿದ್ನಲ್ಲಪ್ಪಾ, ಅದನ್ನ ನೋಡ್ಕೊಂಡು ಕತ್ತರಿಸೋಕೇನಾಗಿತ್ತು?"

"ಅದೇ ಅಳತೇಲೇ ಕತ್ತರಿಸಿದೀನಿ ಮೇಡಮ್. ನೀವೇ ದಪ್ಪ ಆಗಿದೀರ."

ಇಂಥ ಮಾತಿಗೆ ಲೋಕದ ಹೆಂಗಸರು ಏನು ಮಾಡುತ್ತಾರೆ? ದರ್ಜಿಯನ್ನು ಬದಲಾಯಿಸುತ್ತಾರೆ. ಹೆಚ್ಚೆಂದರೆ ಅನ್ನ ಬಿಟ್ಟು ಚಪಾತಿಗೆ ಬರುತ್ತಾರೆ. ಚಿಕ್ಕಮ್ಮ ಸಾಫ್ಟ್‌ವೇರ್ ಬರೆದಳು!

ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಅದು. ಬ್ಲೌಸಾಗಲಿ, ಮಕ್ಕಳ ಅಂಗಿಯಾಗಲಿ, ಎದೆ, ಸೊಂಟ, ತೋಳು, ಕತ್ತಿನ ಆಳ ಎಂದು ಅಳತೆಗಳನ್ನು ತುಂಬಿದರೆ ಸಾಕು, ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂಬ ಗೆರೆಗಳೆಲ್ಲ ನಿಜವಾದ ಗಾತ್ರದಲ್ಲಿ ಕಾಗದದ ಮೇಲೆ ಮುದ್ರಣವಾಗಿ ಬರುತ್ತವೆ. ಕಾಗದಗಳನ್ನು ಅಂಟಿಸಿ, ಬಟ್ಟೆಯ ಮೇಲಿಟ್ಟು, ಕತ್ತರಿ ಆಡಿಸಿದರಾಯಿತು. ತೆರೆಯ ಮೇಲಿನ ಮಾತೆಲ್ಲ ಕನ್ನಡದಲ್ಲಿ. ಕೇಳಿದ ದರ್ಜಿಗಳಿಗೆಲ್ಲ ಅದನ್ನು ಬಿಟ್ಟಿ ಕೊಟ್ಟಳು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಬಂದ ಉತ್ತರ: "ದುಡ್ಡು ತಗೊಂಡ್ರೆ ಅವ್ರ ಕೈಲಿ ಬೈಸ್ಕೋಬೇಕು. ಬಿಟ್ಟಿ ಕೊಟ್ರೆ ನಾನೇ ಬೈಬೋದು."

ಮತ್ತು ಬೈಯುತ್ತಿದ್ದಳು! ಯಾವುದೋ ಬಡಾವಣೆಯ ದರ್ಜಿ ಫೋನು ಮಾಡಿ, "ಮೇಡಮ್, ಕತ್ತು ಸರಿಯಾಗಿ ಬರ್ತಿಲ್ಲ" ಎಂದರೆ, "ಯಾರ ಕತ್ತು? ನಂದಾ, ನಿಂದಾ, ಬ್ಲೌಸಿಂದಾ? ಬಾಯ್ಬಿಟ್ಟು ಹೇಳು" ಎನ್ನುವಳು. ಅವಳು ಇದಕ್ಕೂ ಹೆಚ್ಚಾಗಿ ಬೈಯುತ್ತಿದ್ದದ್ದು ತನ್ನ ಕಂಪ್ಯೂಟರನ್ನು. "ಎಷ್ಟು ಸಲ ಹೇಳ್ಬೇಕು ನಿಂಗೆ? ಕೊಟ್ಟಿದ್ದನ್ನ ತಗೊಂಡು ತೆಪ್ಪಗೆ ಕೆಲಸ ಮಾಡೋಕಾಗಲ್ವಾ?" ಎಂದು ಹಾಲ್‌ನಿಂದ ಬೊಬ್ಬೆ ಕೇಳಿದಾಗ, ಹೊಸಬರು ಪಾಪ, ಚಿಕ್ಕಪ್ಪನ ಗತಿ ನೆನೆದು ಮರುಗುತ್ತಿದ್ದರು. ಚಿಕ್ಕಪ್ಪ ಮಾತ್ರ ವರಾಂಡದಲ್ಲಿ ನೆಮ್ಮದಿಯಾಗಿ ಪೇಪರು ಓದುತ್ತಿರುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. "ಏಕವಚನದಲ್ಲಿ ಬಂದ್ರೆ ಕಂಪ್ಯೂಟರಿಗೆ, ಬಹುವಚನದಲ್ಲಿ ಬಂದ್ರೆ ನನಗೆ. ವ್ಯಾಕರಣ ಗೊತ್ತಿರೋದ್ರಿಂದ ಸಂಸಾರ ಉಳ್ಕೊಂಡಿದೆ ಕಣಮ್ಮ" ಎಂದು ನನಗೆ ಗುಟ್ಟಾಗಿ ಹೇಳಿದ್ದರು.

ಇರಲಿ, ಈಗ ಕಥೆಯ ಮುಖ್ಯ ವಿಷಯಕ್ಕೆ ಬರಬೇಕು. ಅದಕ್ಕೆ ಮೊದಲು ಸ್ವಲ್ಪ ಪಾಠ. ಹೆದರಬೇಡಿ, ನಾನು ಯಲಹಂಕದ ಒಂದು ಪ್ರಾಥಮಿಕ ಶಾಲೆಯ ಟೀಚರು, ಮೂರನೇ ಕ್ಲಾಸಿನವರಿಗೂ ಅರ್ಥವಾಗುವಂತೆಯೇ ಹೇಳುತ್ತೇನೆ. ಪ್ರೋಗ್ರಾಮು ಬರೆದ ಹಾಗೆಯೇ ಓಡುವುದಿಲ್ಲ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸಿ, ಬೇರೆಯವರು ಬರೆದಿಟ್ಟ, ನಾವು ಎರವಲು ತಂದ ತುಂಡುಗಳನ್ನು ಅದಕ್ಕೆ ಜೋಡಿಸಿ, ಎಲ್ಲವನ್ನೂ ಒಂದು ಪೊಟ್ಟಣವಾಗಿ ಕಟ್ಟಬೇಕು. ಈ ಕಟ್ಟುವ ಕೆಲಸಕ್ಕೆ ಬಿಲ್ಡ್ ಎನ್ನುತ್ತಾರೆ. ಚಿಕ್ಕಮ್ಮ ಇದಕ್ಕೆ ಬಳಸುತ್ತಿದ್ದದ್ದು ಆಂಟ್ ಎಂಬ ಓಬೀರಾಯನ ಕಾಲದ ಸಲಕರಣೆ. ಮಹಡಿಯ ಮೇಲೆ ಬಾಡಿಗೆಗಿದ್ದ ಕಾಲೇಜು ಹುಡುಗರು ಅದನ್ನು 'ಆಂಟಿಯ ಆಂಟ್' ಎಂದು ಕರೆಯುತ್ತಿದ್ದರು.

ಆಂಟಿಯ ಆಂಟ್ ಓಡುತ್ತಿದ್ದದ್ದು ಹಾಲ್‌ನ ಮೂಲೆಯ ಒಂದೇ ಒಂದು ಹಳೆಯ ಕಂಪ್ಯೂಟರಿನಲ್ಲಿ. ಯಾವ ತುಂಡು ಎಲ್ಲಿದೆ ಎಂಬುದನ್ನು ಅದರ ಆಜ್ಞೆಗಳಲ್ಲಿ ಮನೆ ನಂಬರು, ಅಡ್ಡರಸ್ತೆ ಸಮೇತ ಬರೆದಿಟ್ಟಿದ್ದರಿಂದ ಬೇರೆ ಯಾವ ಕಂಪ್ಯೂಟರಿಗೆ ಹಾಕಿದರೂ ದಾರಿ ತಪ್ಪಿದ ಮಗುವಿನಂತೆ ಅಳುತ್ತಿತ್ತು. ಇನ್ನು ಆ ಹಳೆಯ ಕಂಪ್ಯೂಟರೋ, ವೋಲ್ಟೇಜ್ ಒಂದಿಷ್ಟು ಕುಗ್ಗಿದರೂ ಆರಿಹೋಗುತ್ತಿತ್ತು. ಹೀಗಾಗಿ ಬಿಲ್ಡ್ ದಿನವೆಂದರೆ ಆ ಮನೆಯಲ್ಲಿ ಮಡಿ! ಮಿಕ್ಸಿ ಹಾಕುವಂತಿಲ್ಲ. ಇಸ್ತ್ರಿ ಪೆಟ್ಟಿಗೆ ಮುಟ್ಟುವಂತಿಲ್ಲ. ದೋಸೆಗೆ ಚಟ್ನಿಯಿಲ್ಲದೆ ಬರೀ ಉಪ್ಪಿನಕಾಯಿ ಕಂಡಿತೆಂದರೆ, ಬ್ಲೌಸಿನ ಹೊಸ ಆವೃತ್ತಿ ಬರುತ್ತಿದೆ ಎಂದು ಅರ್ಥ.

ಕಳೆದ ಬೇಸಿಗೆ ರಜೆಯಲ್ಲಿ ನಾನು ಅವರ ಮನೆಯಲ್ಲಿದ್ದಾಗ ನಸೀಮಾ ಅವರ ಫೋನು ಬಂತು. ನಸೀಮಾ ಆರ್.ಟಿ. ನಗರದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಕೇಂದ್ರ ನಡೆಸುತ್ತಾರೆ. ಚಿಕ್ಕಮ್ಮನ ಪ್ರೋಗ್ರಾಮನ್ನು ಮೊದಲ ದಿನದಿಂದ ಬಳಸಿದವರು. ಚಿಕ್ಕಮ್ಮನಿಗೆ ತಿರುಗಿ ಬೈಯುವ ಧೈರ್ಯವಿರುವ ಏಕೈಕ ವ್ಯಕ್ತಿ.

"ಆಂಟಿ, ಕೇಂದ್ರದ ಹಳೇ ಕಂಪ್ಯೂಟರು ಎರಡೂ ಮಲಗಿಬಿಟ್ವು. ಪುಣ್ಯಾತ್ಮರು ಯಾರೋ ಹೊಸಾ ಲ್ಯಾಪ್‌ಟಾಪ್ ಕೊಡಿಸಿದಾರೆ. ಆದ್ರೆ ಏನ್ ಹೇಳ್ಲಿ, ಮದುಮಗಳ ಥರಾ ಬಂದು ಕೂತಿದಾವೆ. ನಿಮ್ ಪ್ರೋಗ್ರಾಮ್ ಹಾಕಿದ್ರೆ ಬಾಯೇ ಬಿಡಲ್ವು!"

"ಜಾವಾ ಇಲ್ಲ ಅಂತ ತೋರಿಸ್ತಿದೆಯಾ?"

"ಏನೋ ಇಲ್ಲ ಅಂತಿದೆ. ನನ್ ಹತ್ರ ಟೈಮೂ ಇಲ್ಲ ಅಂತ ಅದಕ್ಕೆ ಹೇಳಿ. ಎರಡು ಸ್ಕೂಲಿಂದು ಯೂನಿಫಾರಂ ಹಿಡಿದಿದೀವಿ ಆಂಟಿ. ಒಂದೊಂದು ಮಗುದೂ ಅಳತೆ ತಗೊಂಡು ಹೊಲೀತೀವಿ ಅಂತ ಬಾಯ್ತುಂಬಾ ಹೇಳಿ ಬಂದಿದೀನಿ. ನಮ್ ಹುಡುಗೀರಿಗೆ ಇದು ಮೊದಲ್ನೇ ದೊಡ್ಡ ಕೆಲಸ. ಇದು ಕೆಟ್ರೆ ಇನ್ಯಾರೂ ನಮ್ಮನ್ನ ಕರೆಯಲ್ಲ."

ಚಿಕ್ಕಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಮುಂದಿನ್ ಸೋಮವಾರ ಬೆಳಗ್ಗೆ ಬರ್ತೀನಿ. ಕತ್ತರಿ ಸಾಣೆ ಹಿಡಿಸಿಟ್ಕೊಳ್ಳಿ" ಎಂದು ಫೋನು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಏನ್ ಮಾಡೋದೇ ಈಗ?" ಎಂದಳು.

ಪ್ರೋಗ್ರಾಮು ಓಡಬೇಕಾದರೆ ಆ ಕಂಪ್ಯೂಟರಿನಲ್ಲಿ ಜಾವಾ, ಅಂದರೆ ಆ ಭಾಷೆಯನ್ನು ಓದಿ ನಡೆಸುವ ಸಲಕರಣೆ, ಮೊದಲೇ ಇರಬೇಕು, ಅದೂ ಹಳೆಯ ಜಾವಾ. ಹುಡುಕಿ ತಂದು ಹಾಕಬಹುದಿತ್ತು. ಆದರೆ ನಾಳೆ ಇನ್ನೊಬ್ಬರು, ನಾಡಿದ್ದು ಮತ್ತೊಬ್ಬರು ಲ್ಯಾಪ್‌ಟಾಪ್ ಬದಲಾಯಿಸಿದರೆ? "ಎಲ್ರ ಮನೆಗೂ ಹೋಗಿ ನಾನು ಜಾವಾ ಬಡಿಸ್ಕೊಂಡು ಬರಕ್ಕಾಗತ್ತಾ? ಊಟದ ಜೊತೆ ಎಲೇನೂ ನಾವೇ ಕಳ್ಸೋಣ" ಎಂದಳು. ಅಂದರೆ, ಪ್ರೋಗ್ರಾಮಿಗೆ ಬೇಕಾದ ಜಾವಾವನ್ನೂ ಒಳಗೇ ಇಟ್ಟು ಪೊಟ್ಟಣ ಕಟ್ಟುವುದು. ಆಂಟ್‌ನ ಕೈಯಲ್ಲಿ ಇದು ಆಗುವ ಮಾತಲ್ಲ ಎಂದು ಅವಳಿಗೆ ಗೊತ್ತಾಯಿತು. ಕಟ್ಟುವ ವ್ಯವಸ್ಥೆಯನ್ನೇ ಬುಡಸಮೇತ ಬದಲಾಯಿಸಬೇಕಾಗಿತ್ತು.

ಸಾಫ್ಟ್‌ವೇರಿನಲ್ಲೇ ಇರುವ ನನ್ನ ಗಂಡನನ್ನು ಸಲಹೆಗೆಂದು ಕರೆಸಿದೆವು. ಅವರು ತಮ್ಮ ವೃತ್ತಿಯ ಧರ್ಮದಂತೆ, "ಎಲ್ಲಾ ಬಿಟ್ಟು ಹೊಸದಾಗಿ ಬರೆದ್ಬಿಡಿ ಆಂಟಿ, ಮೊಬೈಲ್ ಆ್ಯಪ್ ಥರ" ಎಂದರು.

"ಅಳಿಯಂದ್ರೇ, ಬಾಗಿಲು ಕಿರ್ ಅನ್ನತ್ತೆ ಅಂತ ಯಾರಾದ್ರೂ ಮನೆ ಮಾರ್ತಾರಾ?"

ಗಂಡ ಕಾಫಿ ಲೋಟ ಕೆಳಗಿಟ್ಟರು. "ಹಾಗಾದ್ರೆ ಗ್ರೇಡಲ್‌ಗೆ ಬನ್ನಿ" ಎಂದು ಹೊಸ ಸಲಕರಣೆಯೊಂದರ ಹೆಸರು ಹೇಳಿ, ಹೆಬ್ಬಾಳದಲ್ಲಿ ಟ್ರಾಫಿಕ್ ಜಾಸ್ತಿಯಾಗುತ್ತದೆ ಎಂಬ ನೆಪದಲ್ಲಿ ಪರಾರಿಯಾದರು.

ಈ ಗ್ರೇಡಲ್ ಎಂಬ ಪದ ನನ್ನ ಮಾನ ಕಳೆಯಿತು! ಹೇಗೆ ಅಂತೀರಾ? ಮರುದಿನ ಚಿಕ್ಕಮ್ಮ ವರಾಂಡದಲ್ಲಿ ನಿಂತು ನನ್ನ ಗಂಡನಿಗೆ ಫೋನು ಮಾಡಿ, ತನ್ನ ಎಂದಿನ ಧ್ವನಿಯಲ್ಲಿ, ಅಂದರೆ ಆಚೆಯ ಗೋಕುಲ ಬಡಾವಣೆಯವರೆಗೆ ಕೇಳುವಂತೆ, "ಅಳಿಯಂದ್ರೇ, ನೀವ್ ಹೇಳ್ದಂಗೇ ಗ್ರೇಡಲ್ ತಂದ್ಬಿಟ್ಟೆ! ಸೋಮವಾರದೊಳಗೆ ಹೊರಗೆ ಬರ್ಲೇಬೇಕು!" ಎಂದಳು. ಪಕ್ಕದ ಮನೆಯ ಪದ್ಮಾವತಮ್ಮ ಬಟ್ಟೆ ಒಣಹಾಕುತ್ತಿದ್ದರು. ಅವರ ಕಿವಿಗೆ ಗ್ರೇಡಲ್ ಬೀಳಲಿಲ್ಲ, ಕ್ರೇಡಲ್ ಬಿತ್ತು. ತೊಟ್ಟಿಲು! ಸಂಜೆಗೆ ಒಂದು ಡಬ್ಬಿ ಕೋಡುಬಳೆಯೊಂದಿಗೆ ಹಾಜರಾಗಿ, ನನ್ನ ಹೊಟ್ಟೆಯ ಕಡೆಗೇ ಕಣ್ಣು ನೆಟ್ಟರು.

"ಏನೂ ಗೊತ್ತಾಗೋದೇ ಇಲ್ವಲ್ಲಮ್ಮಾ! ಸೋಮವಾರಾನೇ ಅಂತೆ?"

ನನಗೆ ತಲೆಬುಡ ತಿಳಿಯಲಿಲ್ಲ. ಕಂಪ್ಯೂಟರಿನಲ್ಲಿ ಮುಳುಗಿದ್ದ ಚಿಕ್ಕಮ್ಮ ತಿರುಗಿಯೂ ನೋಡದೆ, "ಹೂಂ ಕಣ್ರೀ, ಅಷ್ಟರೊಳಗೆ ಮಾಡ್ಬೇಕು. ಆದ್ರೆ ಬೆಳಗ್ಗೆಯಿಂದ ಬರೀ ಫೇಲ್ ಆಗ್ತಿದೆ" ಎಂದಳು.

ಪದ್ಮಾವತಮ್ಮ ಸೋಫಾದ ಮೇಲೆ ಕುಸಿದರು. "ಅಯ್ಯೋ ಶಿವನೇ! ಆಸ್ಪತ್ರೆ ಯಾವ್ದು?"

"ಆಸ್ಪತ್ರೆ ಯಾಕ್ರೀ? ಇಲ್ಲೇ, ಈ ಹಾಲಲ್ಲೇ. ನಾನೇ ಮಾಡ್ತಿದೀನಿ!"

ಅವರಿಗೆ ನೀರು ಕುಡಿಸಿ, ಗಾಳಿ ಬೀಸಿ, ಜಾವಾ, ಆಂಟ್, ಗ್ರೇಡಲ್ ಎಲ್ಲವನ್ನೂ ನಾನು ವಿವರಿಸುವಷ್ಟರಲ್ಲಿ ಸುದ್ದಿ ಯಲಹಂಕದ ನನ್ನ ಗಂಡನ ಮನೆ ತಲುಪಿತ್ತು. ನಮ್ಮ ಅತ್ತೆ ಫೋನು ಮಾಡಿ, "ನಮಗೇ ಕೊನೆಗೆ ಹೇಳೋದಾ?" ಎಂದು ಬೇಸರಿಸಿಕೊಂಡರು. ಕೋಡುಬಳೆ ಮಾತ್ರ ತುಂಬ ಚೆನ್ನಾಗಿತ್ತು.

ನಿಜವಾದ ಕಷ್ಟ ಶುರುವಾದದ್ದು ಎರವಲು ತುಂಡುಗಳಿಂದ. ಹೊಸ ವ್ಯವಸ್ಥೆಯಲ್ಲಿ ಯಾವ ಯಾವ ತುಂಡು ಬೇಕು ಎಂದು ಹೆಸರು ಹಿಡಿದು ಹೇಳಬೇಕಂತೆ. ಹೇಳಿದರೆ ಅದೇ ಇಂಟರ್‌ನೆಟ್ಟಿನಿಂದ ತಂದುಕೊಳ್ಳುತ್ತದಂತೆ. ಆದರೆ ಚಿಕ್ಕಮ್ಮನ ಹಳೆಯ ಕಂಪ್ಯೂಟರಿನಲ್ಲಿ ವರ್ಷಗಳಿಂದ ಗುಡ್ಡೆ ಬಿದ್ದ ತುಂಡುಗಳಿಗೆ ಹೆಸರೆಂಬುದು ಎಲ್ಲಿ? 'ಹೊಸದು', 'ಹೊಸದು ಸರಿಯಾದ್ದು', 'ಇದೇ ಸರಿ', 'ಇದೇ ಸರಿ ಅಂದೆನಲ್ಲ'. ಇವೆಲ್ಲ ಕಡತದ ಹೆಸರುಗಳು! ಒಂದೊಂದನ್ನೇ ತೆಗೆಯುವುದು, ಪ್ರೋಗ್ರಾಮು ಬೀಳುತ್ತದೋ ನಿಲ್ಲುತ್ತದೋ ನೋಡುವುದು, ಬಿದ್ದರೆ ಬೈದು ವಾಪಸು ಇಡುವುದು. ಹೀಗೆ ಗುಡ್ಡೆ ಕರಗುತ್ತ ಬಂತು. ಕೊನೆಗೆ 'ಬೇಡ' ಎಂಬ ಹೆಸರಿನದೊಂದು ಉಳಿಯಿತು. ಯಾವತ್ತೋ ಎಸೆಯಬೇಕೆಂದು ಚಿಕ್ಕಮ್ಮನೇ ಆ ಹೆಸರಿಟ್ಟು ಮರೆತಿದ್ದಳು.

"ಇದಂತೂ ಬೇಡ" ಎಂದು ತೆಗೆದಳು. ಇಡೀ ಪ್ರೋಗ್ರಾಮು ಧೊಪ್ಪೆಂದು ಬಿತ್ತು! ತೋಳಿನ ಸುತ್ತ, ಕತ್ತಿನ ಸುತ್ತ ಬರುವ ಬಾಗುಗೆರೆಗಳನ್ನೆಲ್ಲ ಇಷ್ಟು ವರ್ಷ ಸದ್ದಿಲ್ಲದೆ ಎಳೆಯುತ್ತಿದ್ದದ್ದು ಅದೇ ಆಗಿತ್ತು.

ವರಾಂಡದಿಂದ ಚಿಕ್ಕಪ್ಪನ ಧ್ವನಿ ಬಂತು. "ಬೇಡ ಬೇಡ ಅಂತ ಮೂಲೇಲಿ ಕೂರ್ಸಿರ್ತೀರ. ಕೊನೇಗೆ ಮನೆ ನಿಂತಿರೋದು ಅವ್ರ ಮೇಲೇ ಅಂತ ಗೊತ್ತಾಗತ್ತೆ."

"ಕಡತದ ವಿಷ್ಯ ಮಾತಾಡ್ತಿದೀನಿ ಕಣ್ರೀ!"

"ನಾನೂ ಅದೇ ಹೇಳಿದ್ದು" ಎಂದು ಚಿಕ್ಕಪ್ಪ ಪೇಪರಿನ ಪುಟ ತಿರುವಿದರು.

ಗುರುವಾರದ ಹೊತ್ತಿಗೆ ಹೊಸ ಪೊಟ್ಟಣವೊಂದು ಹೇಗೋ ಸಿದ್ಧವಾಯಿತು. ನಾನು ರಜೆಗೆ ತಂದಿದ್ದ ನನ್ನ ಗಂಡನ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಹಾಕಿ ತೆರೆದಳು. ತೆರೆಯಿತು! ನಾನು ಚಪ್ಪಾಳೆ ತಟ್ಟಿದೆ. ಆದರೆ 'ಎದೆ ಸುತ್ತಳತೆ' ಇರಬೇಕಾದ ಕಡೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. 'ತೋಳಿನ ಉದ್ದ' ಇರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. ಕನ್ನಡದ ಒಂದಕ್ಷರವೂ ಇಲ್ಲ!

"ಹಡೆದೋಳಿಗೇ ಪ್ರಶ್ನೆ ಕೇಳ್ತೀಯೇನೋ!" ಎಂದು ಚಿಕ್ಕಮ್ಮ ಗುಡುಗಿದಳು. ಮಹಡಿಯ ಹುಡುಗರು ಹಾಡು ನಿಲ್ಲಿಸಿದರು. ಕಟ್ಟುವ ಹೊತ್ತಿನಲ್ಲಿ 'ಇದರಲ್ಲಿ ಕನ್ನಡದ ಅಕ್ಷರಗಳಿವೆ, ಜೋಪಾನ' ಎಂದು ಒಂದು ಸಾಲು ಮೊದಲೇ ಹೇಳಿಡಬೇಕಂತೆ. ಹೇಳಿದಳು. ಕನ್ನಡ ಬಂತು. ಚಿಕ್ಕಪ್ಪ ಮಾತ್ರ ಒಳಗೆ ಬಂದು ತೆರೆಯನ್ನು ಪರೀಕ್ಷಿಸಿ, "ಕನ್ನಡ ಇದೆ ಅಂತ ಬಾಯ್ಬಿಟ್ಟು ಹೇಳದೇ ಇದ್ರೆ ಇಲ್ಲ ಅಂತಲೇ ಲೆಕ್ಕ. ಬೆಂಗಳೂರಲ್ಲೇ ಕಲಿತಿರಬೇಕು ಇದು" ಎಂದು ತೀರ್ಪು ಕೊಟ್ಟು ಹೋದರು.

ಇನ್ನು ಉಳಿದದ್ದು ಮುದ್ರಣದ ಪರೀಕ್ಷೆ. ಗೆರೆಗಳು ಅಳತೆಗೆ ಸರಿಯಾಗಿವೆಯೇ ಎಂದು ನೋಡಲು ಯಾರಿಗಾದರೂ ಹೊಲಿದು ತೊಡಿಸಬೇಕು. ಅಪಾಯದ ವಾಸನೆ ಹಿಡಿದ ನಾನು ಹಾಲು ತರುತ್ತೇನೆಂದು ಚೀಲ ಹಿಡಿದು ಹೊರಟುಬಿಟ್ಟೆ. ವಾಪಸು ಬರುವ ಹೊತ್ತಿಗೆ ಚಿಕ್ಕಪ್ಪ ಸಿಕ್ಕಿಬಿದ್ದಿದ್ದರು. ಅವರದೇ ಎದೆಯ ಅಳತೆ, ಅವರದೇ ಹಳೆಯ ಪಂಚೆಯ ಬಟ್ಟೆ, ಮನೆಯಲ್ಲಿ ಹೊಲಿಗೆ ಬರುವವರು ಅವರೊಬ್ಬರೇ ಆದ್ದರಿಂದ ಹೊಲಿಗೆಯೂ ಅವರದೇ! ತಮ್ಮ ಬ್ಲೌಸನ್ನು ತಾವೇ ಹೊಲಿದುಕೊಂಡ ಕನ್ನಡ ಮೇಷ್ಟ್ರು ನಾಡಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ.

ತೊಟ್ಟರು. ಅರ್ಧಕ್ಕೆ ಸಿಕ್ಕಿಕೊಂಡಿತು. ಒಳಗೆ ಹೋಗದು, ಹೊರಗೆ ಬಾರದು. ಎರಡೂ ಕೈ ಮೇಲೆತ್ತಿ ಪೊಲೀಸರಿಗೆ ಶರಣಾದವರಂತೆ ನಿಂತಿದ್ದಾಗ, ಬಾಗಿಲ ಬಳಿ ಕೆಮ್ಮು ಕೇಳಿಸಿತು. ಮಗನಿಗೆ ಮಹಡಿಯ ರೂಮು ನೋಡಲು ದಾವಣಗೆರೆಯಿಂದ ಬಂದಿದ್ದ ಯಜಮಾನರೊಬ್ಬರು ಹೊಸ್ತಿಲಲ್ಲೇ ಕಲ್ಲಾಗಿ ನಿಂತಿದ್ದರು.

"ಬನ್ನಿ ಬನ್ನಿ, ಟ್ರಯಲ್ ನಡೀತಿದೆ. ಕೂತ್ಕೊಳ್ಳಿ" ಎಂದಳು ಚಿಕ್ಕಮ್ಮ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಚಿಕ್ಕಪ್ಪ ತಮ್ಮ ಘನತೆಯನ್ನು ಒಂದಿಷ್ಟೂ ಬಿಟ್ಟುಕೊಡಲಿಲ್ಲ. ಎತ್ತಿದ ಕೈಗಳನ್ನೇ ಜೋಡಿಸಿ ನಮಸ್ಕಾರ ಮಾಡಿ, "ರವಿಕೆ ಅನ್ನೋದು ವ್ಯಾಕರಣದಲ್ಲಿ ನಪುಂಸಕಲಿಂಗ ಸ್ವಾಮಿ. ಯಾರು ಬೇಕಾದ್ರೂ ತೊಡಬಹುದು" ಎಂದರು. ದಾವಣಗೆರೆಯ ಯಜಮಾನರು, "ಇನ್ನೊಮ್ಮೆ ಬರ್ತೀನ್ರೀ" ಎಂದು ಹೋದರು. ಆ ಇನ್ನೊಮ್ಮೆ ಇನ್ನೂ ಬಂದಿಲ್ಲ.

ಕತ್ತರಿಯ ಸಹಾಯದಿಂದ ಚಿಕ್ಕಪ್ಪನನ್ನು ಬಿಡಿಸಿದ ಮೇಲೆ ಟೇಪು ಹಿಡಿದು ನೋಡಿದರೆ, ಎಲ್ಲ ಗೆರೆಗಳೂ ಮುಕ್ಕಾಲು ಅಳತೆಗೆ ಕುಗ್ಗಿದ್ದವು! ಹೊಸ ವ್ಯವಸ್ಥೆ ತುಂಬ ಉತ್ಸಾಹದಿಂದ ಮುದ್ರಣದ ತುಂಡಿನ ಹೊಚ್ಚಹೊಸ ಆವೃತ್ತಿಯನ್ನೇ ತಂದಿತ್ತು. ಅದರ ಇಂಚಿಗೂ ಹಳೆಯದರ ಇಂಚಿಗೂ ಹೊಂದಾಣಿಕೆ ಇರಲಿಲ್ಲ. ಇದು ಗೊತ್ತಾಗಲು ಚಿಕ್ಕಮ್ಮನಿಗೆ ಶುಕ್ರವಾರ ಪೂರ್ತಿ ಹಿಡಿಯಿತು. ಊಟ ಮಾಡಲಿಲ್ಲ. ಯಾರ ಫೋನೂ ಎತ್ತಲಿಲ್ಲ. ಸಂಜೆ ಒಂದು ಸಲ ಮಾತ್ರ, "ಮಕ್ಕಳ ಯೂನಿಫಾರಂ ಎಲ್ಲಾ ಹಿಂಗೇ ಕತ್ತರಿಸಿ ಹಾಕಿದ್ದಿದ್ರೆ ಏನೇ ಗತಿ? ಆ ಹುಡುಗೀರು ತಲೆ ಎತ್ಕೊಂಡು ಓಡಾಡೋ ಹಾಗಿರ್ತಿತ್ತಾ?" ಎಂದಳು. ಅವಳ ಮುಖ ನೋಡಿ, ಇಷ್ಟೂ ದಿನ ನಗುತ್ತಿದ್ದ ನನಗೆ ಮೊದಲ ಸಲ ಗಾಬರಿಯಾಯಿತು. ಸೋಮವಾರ ಏನೂ ಆಗದಿದ್ದರೆ?

ಶನಿವಾರ ಬೆಳಗ್ಗೆ ನಾನು ಎದ್ದಾಗ ಲ್ಯಾಪ್‌ಟಾಪು ಅಡುಗೆಮನೆಯ ಕಟ್ಟೆಯ ಮೇಲಿತ್ತು. ಚಿಕ್ಕಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ಯುದ್ಧಕ್ಕೆ ನಿಂತಿದ್ದಳು. ಬೇಕಾದ ಆವೃತ್ತಿಯನ್ನೇ ತರಬೇಕು, ಹೊಸದರ ಆಸೆಗೆ ಬೀಳಬಾರದು ಎಂದು ಗ್ರೇಡಲ್‌ಗೆ ಕಟ್ಟಪ್ಪಣೆ ಬರೆದಾಗಿತ್ತು.

"ರೀ, ಬನ್ನಿ ಇಲ್ಲಿ. ಮಿಕ್ಸಿ ಹಾಕಿ!"

"ಬಿಲ್ಡ್ ದಿನ ಕಣೇ ಇವತ್ತು!" ಚಿಕ್ಕಪ್ಪ ಹೌಹಾರಿದರು.

"ಅದಕ್ಕೇ ಹೇಳ್ತಿರೋದು. ಹಾಕ್ರೀ! ಗೀಸರೂ ಹಾಕಿ. ಇಸ್ತ್ರಿ ಪೆಟ್ಟಿಗೆನೂ ಹಾಕಿ!"

ಮಿಕ್ಸಿಯಲ್ಲಿ ತೆಂಗಿನಕಾಯಿ ಗರ್ಜಿಸಿತು. ಟ್ಯೂಬ್‌ಲೈಟು ಕಣ್ಣು ಮಿಟುಕಿಸಿತು. ಮೂಲೆಯಲ್ಲಿ ಹಳೆಯ ಕಂಪ್ಯೂಟರು ಎಂದಿನಂತೆ ಆರಿಹೋಯಿತು. ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪು ಮಾತ್ರ ಏನೂ ಆಗದವರ ಹಾಗೆ ಕಟ್ಟುತ್ತಲೇ ಇತ್ತು. ಒಂದೇ ಒಂದು ಆಜ್ಞೆ, ಅಷ್ಟೇ. ಕಟ್ಟಿ ಮುಗಿಸಿ, ಬಿಲ್ಡ್ ಸಕ್ಸೆಸ್‌ಫುಲ್ ಎಂದು ಹಸಿರು ಅಕ್ಷರದಲ್ಲಿ ತೋರಿಸಿತು. ಮುದ್ರಿಸಿದೆವು. ಟೇಪು ಇಟ್ಟೆವು. ನೂಲೆಳೆಯಷ್ಟೂ ವ್ಯತ್ಯಾಸವಿಲ್ಲ! ಚಿಕ್ಕಮ್ಮ ಮೊದಲು ನನ್ನನ್ನು ಅಪ್ಪಿಕೊಂಡಳು, ಆಮೇಲೆ ಚಿಕ್ಕಪ್ಪನನ್ನು, ಆಮೇಲೆ ಲ್ಯಾಪ್‌ಟಾಪನ್ನು. ಆ ದಿನದ ಚಟ್ನಿಯಂಥ ಚಟ್ನಿಯನ್ನು ನಾನು ಮತ್ತೆ ತಿಂದಿಲ್ಲ.

ಸೋಮವಾರ ಹೊಸ ಇಳಕಲ್ ಸೀರೆಯುಟ್ಟು ಚಿಕ್ಕಮ್ಮ ಆಟೋ ಹತ್ತಿದಳು. ಪಕ್ಕದಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದು ನಾನು. ಮೇಖ್ರಿ ಸರ್ಕಲ್ಲಿನಲ್ಲಿ ನಿಂತಷ್ಟು ಹೊತ್ತಿನಲ್ಲಿ ಒಂದು ಲಂಗ ಹೊಲಿದು ಅಂಚು ಕಟ್ಟಬಹುದಿತ್ತು. ಕೇಂದ್ರದ ಬಾಗಿಲಲ್ಲಿ ನಸೀಮಾ ಕಾದು ನಿಂತಿದ್ದರು. ಒಳಗೆ ಹೊಲಿಗೆ ಯಂತ್ರಗಳ ಮುಂದೆ ಹೆಂಗಸರು ಮದುವೆ ಮನೆಯವರಂತೆ ಗುಂಪುಗೂಡಿದ್ದರು.

ಚಿಕ್ಕಮ್ಮ ತಾನು ಕೈ ಹಾಕಲ್ಲ ಎಂದಳು. "ನಾನ್ ಹಾಕಿದ್ರೆ ಏನ್ ದೊಡ್ಡದು? ನಸೀಮಾ, ನೀವೇ ಹಾಕಿ." ನಸೀಮಾ ಪೆನ್‌ಡ್ರೈವ್ ಚುಚ್ಚಿ, ಒಮ್ಮೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ಮದುಮಗಳು ಬಾಯಿಬಿಟ್ಟಳು! ಜಾವಾ ಎಲ್ಲಿ ಎಂದು ಕೇಳಲಿಲ್ಲ, ಇನ್ನೇನೋ ಬೇಕು ಎಂದು ಹಟ ಹಿಡಿಯಲಿಲ್ಲ. ಅಚ್ಚಗನ್ನಡದಲ್ಲಿ ಅಳತೆ ಕೇಳಿತು. ಯಾವುದೋ ಪುಟ್ಟ ಹುಡುಗಿಯ ಅಂಗಿಯ ಅಳತೆ ತುಂಬಿ ಮುದ್ರಿಸಿ, ನಸೀಮಾ ಟೇಪು ಹಿಡಿದು ಮೇಲೆ, ಕೆಳಗೆ, ಅಡ್ಡ ಎಲ್ಲ ಕಡೆ ನೋಡಿದರು. ಅದೇ ಅಳತೆಗೆ ಹಿಂದೆ ಮುದ್ರಿಸಿದ್ದ ಹಳೆಯ ಕಾಗದವೊಂದರ ಮೇಲೆ ಇಟ್ಟು ಬೆಳಕಿಗೆ ಹಿಡಿದರು.

"ಆಂಟಿ" ಎಂದರು ನಸೀಮಾ, "ಈ ಸಲ ಬೈಯೋಕೆ ನನಗೇನೂ ಸಿಗ್ತಿಲ್ಲ."

ಆ ಕೂಗಾಟ, ಆ ಸಿಳ್ಳೆ! ಸಿಳ್ಳೆ ಹೊಡೆದವರು ಯಾರು ಎಂದು ನೋಡಿದರೆ ಅಜ್ಜಿಯ ವಯಸ್ಸಿನವರೊಬ್ಬರು. ಉಳಿದ ಲ್ಯಾಪ್‌ಟಾಪುಗಳಿಗೂ ಹಾಕಿದ್ದಾಯಿತು. ಕತ್ತರಿಗಳು ಕಚಕಚ ಎನ್ನತೊಡಗಿದವು. ಚಿಕ್ಕಮ್ಮ ಕುರ್ಚಿಯಲ್ಲಿ ರಾಜ್ಯ ಗೆದ್ದ ರಾಣಿಯಂತೆ ಕೂತು, ಕಂಡಕಂಡವರಿಗೆಲ್ಲ ಗ್ರೇಡಲ್ ಎಂದರೇನೆಂದು ವಿವರಿಸತೊಡಗಿದಳು. ಚಹಾ, ಸಮೋಸ ಬಂದವು.

ಆಗ ನನ್ನ ಕಣ್ಣಿಗೆ ಬಿದ್ದವಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು. ನಲವತ್ತರ ಆಸುಪಾಸು. ಸೆರಗನ್ನು ಮುದ್ದೆ ಮಾಡಿ ಎರಡೂ ಕೈಗಳಿಂದ ಎದೆಗೆ ಒತ್ತಿ ಹಿಡಿದಿದ್ದಳು. ಸಮೋಸದ ತಟ್ಟೆ ಎದುರಿಗೆ ಬಂದಾಗ ಬೇಡವೆಂದು ತಲೆಯಾಡಿಸಿದಳು. ನಸೀಮಾ ಚಿಕ್ಕಮ್ಮನ ಕಿವಿಯಲ್ಲಿ ಏನೋ ಹೇಳಿದರು. ಗ್ರೇಡಲ್ ಪ್ರವಚನ ಅಲ್ಲಿಗೆ ನಿಂತಿತು.

ಅವಳು ತಣಿಸಂದ್ರದವಳು. ಗಡ್ಡೆಯಾಗಿ, ಆಪರೇಷನ್ ಮಾಡಿ, ಎದೆಯ ಒಂದು ಭಾಗ ತೆಗೆದಿದ್ದರು. ಮುಂದಿನ ವಾರ ಮಗಳ ನಿಶ್ಚಿತಾರ್ಥ.

"ಎಲ್ಲಾ ಟೈಲರ್‌ಗಳ ಹತ್ರಾನೂ ಹೋದೆ ಮೇಡಮ್" ಎಂದಳು, ನೆಲ ನೋಡುತ್ತ. "ಮೊದ್ಲಿನ ಥರಾನೇ ಹೊಲಿದು ಕೊಡ್ತಾರೆ. ಒಂದ್ ಕಡೆ ಜೋಲಾಡತ್ತೆ. ಕೇಳಿದ್ರೆ, ಸೆರಗು ಮುಚ್ಕೊಳತ್ತಲ್ಲಮ್ಮ ಅಂತಾರೆ."

ಚಿಕ್ಕಮ್ಮ ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ನಸೀಮಾ ಅಳತೆ ತೆಗೆದರು, ನಾನು ಬರೆದುಕೊಂಡೆ. ಎಡಕ್ಕೊಂದು ಅಳತೆ, ಬಲಕ್ಕೊಂದು. ಆದರೆ ಪ್ರೋಗ್ರಾಮಿನಲ್ಲಿ ತುಂಬಲು ಒಂದೇ ಜಾಗ. ಅದು ಒಂದು ಕಡೆಯನ್ನು ಎಳೆದು, ಇನ್ನೊಂದು ಕಡೆಗೆ ಅದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇಡುತ್ತಿತ್ತು.

ಚಿಕ್ಕಮ್ಮ ತೆರೆಯ ಮೇಲಿನ ಆ ಒಂದೇ ಜಾಗಕ್ಕೆ ಬೆರಳಿಟ್ಟಳು. "ಎರಡು ಕಡೆನೂ ಒಂದೇ ಥರ ಇರತ್ತೆ ಅಂತ ಬರೆದ್ಬಿಟ್ಟಿದೀನಲ್ಲೇ" ಎಂದಳು. ಇಷ್ಟು ಮೆಲ್ಲಗೆ ಮಾತಾಡಲು ಅವಳಿಗೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ಸ್ವಲ್ಪ ಹೊತ್ತು ಕೂತಿರ್ತೀಯಾಮ್ಮ? ಇಲ್ಲೇ ಮಾಡ್ಕೊಡ್ತೀನಿ" ಎಂದಳು.

ಹಿಂದೆ ಆಗಿದ್ದರೆ ಇದು ಮತ್ತಿಕೆರೆಗೆ ಹೋಗಿ, ಹಳೆಯ ಕಂಪ್ಯೂಟರಿನ ಮರ್ಜಿ ಕಾದು, ಕಟ್ಟಿ, ಮತ್ತೆ ತಂದು ಹಾಕುವ ಕೆಲಸ. ಆ ಹೆಂಗಸು ಇನ್ನೊಮ್ಮೆ ಬರುತ್ತಿದ್ದಳೋ ಇಲ್ಲವೋ. ಈಗ ಚಿಕ್ಕಮ್ಮ ನನ್ನ ಗಂಡನ ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿನ ಮೇಲೆ ತೆರೆದು ಅಲ್ಲಿಯೇ ಬರೆಯಲು ಕೂತಳು. ಎಡದ ಅಳತೆಗೊಂದು ಜಾಗ, ಬಲದ ಅಳತೆಗೊಂದು ಜಾಗ. ಪ್ರತಿಯೊಂದಕ್ಕೂ ಅದರದೇ ಗೆರೆ. ಬ್ಲೌಸಿನ ಒಳಪದರದಲ್ಲಿ ಮೆತ್ತೆ ಇಡಲು ಒಂದು ಜೇಬು ಬೇಕೆಂದರು ನಸೀಮಾ. ಅದಕ್ಕೂ ಗೆರೆ ಬಂತು. ಬರೆಯಲು ಮಧ್ಯಾಹ್ನ ಕಳೆಯಿತು. ಕಟ್ಟಲು ಹಿಡಿದದ್ದು ನಾನು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಮುದ್ರಣವಾದ ಕಾಗದಗಳನ್ನು ಚಿಕ್ಕಮ್ಮನೇ ಅಂಟಿಸಿದಳು. ನಸೀಮಾ ಯೂನಿಫಾರಂ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೊದಲು ಆ ಹೆಂಗಸು ತಂದಿದ್ದ ಬ್ಲೌಸಿನ ಬಟ್ಟೆ ಕತ್ತರಿಸಿ ಹೊಲಿಯಲು ಕೂತರು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ಹೊರಗಿನ ಯಂತ್ರಗಳೆಲ್ಲ ಒಂದೊಂದಾಗಿ ಸದ್ದು ನಿಲ್ಲಿಸಿದ್ದವು.

ಸಂಜೆ ಅವಳು ಒಳಗಿನ ಕೋಣೆಯಿಂದ ಹೊಸ ಬ್ಲೌಸು ತೊಟ್ಟು ಬಂದಳು. ಗೋಡೆಯ ಕನ್ನಡಿಯ ಮುಂದೆ ನಿಂತಳು. ಎಡಕ್ಕೆ ತಿರುಗಿ ನೋಡಿದಳು, ಬಲಕ್ಕೆ ತಿರುಗಿ ನೋಡಿದಳು. ಎದೆಗೆ ಒತ್ತಿ ಹಿಡಿದಿದ್ದ ಸೆರಗನ್ನು ನಿಧಾನವಾಗಿ ಬಿಟ್ಟು, ನೆರಿಗೆ ಹಿಡಿದು, ಭುಜದ ಮೇಲೆ ಹಾಕಿ ಪಿನ್ನು ಚುಚ್ಚಿಕೊಂಡಳು. ಆಮೇಲೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಸುಮ್ಮನೆ ನಿಂತಳು.

ನಸೀಮಾ ಹೊಸದಾಗಿ ಚಹಾ ಮಾಡಿಸಿದ್ದರು. ಅವಳು ಒಂದು ಕೈಯಲ್ಲಿ ಲೋಟ ತೆಗೆದುಕೊಂಡಳು, ಇನ್ನೊಂದು ಕೈಯಲ್ಲಿ ಸಮೋಸ. ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು, "ಇನ್ನೊಂದು ತಗೋಮ್ಮ" ಎಂದು ತಟ್ಟೆಯನ್ನು ಅವಳ ಕಡೆಗೆ ಸರಿಸಿದಳು.